ಠಾಣೆ ಸೇರಿದ ಕೋವಿ ಮನೆಗೆ ಬರುವುದು ಹೇಗೆ?

ಬಂದೂಕು ಪರವಾನಗಿ ನವೀಕರಣದ ಬಗ್ಗೆ ಬರೆದ ಮೇಲೆ ಮೈಸೂರು, ಮಂಡ್ಯ ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಕಳುವಾದದ್ದು, ಜಪ್ತಿಯಾದದ್ದು, ಚುನಾವಣೆಗೆಂದು ಒಪ್ಪಿಸಿದ್ದು, ಹೀಗೆ ಕೋವಿ ಪೊಲೀಸರ ಕೈ ಸೇರಿದ ದಾರಿ ಒಬ್ಬೊಬ್ಬರದು ಒಂದೊಂದು. ವಾಪಸು ಬರುವ ಬಾಗಿಲಿಗೆ ಮಾತ್ರ ಹೆಚ್ಚಿನವರಿಗೆ ಎರಡೇ ಬೀಗ. ಸ್ವತ್ತನ್ನು ಬಿಡುವ ಆದೇಶ ಒಂದು, ಚಾಲ್ತಿಯಲ್ಲಿರುವ ಪರವಾನಗಿ ಇನ್ನೊಂದು. ಒಂದನ್ನೇ ತೆಗೆದು ಠಾಣೆಗೆ ಹೋದವರು ಬರಿಗೈಲಿ ಬರುತ್ತಾರೆ. ಪತ್ರ ಬರೆದವರ ಹೆಸರು ಬಿಟ್ಟು ಊರಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: 2023ರಲ್ಲಿ ನಮ್ಮ ತೋಟದ ಮನೆಗೆ ಕಳ್ಳರು ನುಗ್ಗಿ ಜೋಡಿ ನಳಿಗೆಯ 12 ಬೋರ್ ಬಂದೂಕು ಹೊತ್ತೊಯ್ದರು. ಅಂದೇ ದೂರು ಕೊಟ್ಟಿದ್ದೆವು. ಈಗ ಮಂಡ್ಯ ಜಿಲ್ಲೆಯ ಒಂದು ಠಾಣೆಯವರಿಗೆ ಅದು ಸಿಕ್ಕಿದೆಯಂತೆ. ಕೇಳಿದರೆ ‘ಕೋರ್ಟಲ್ಲಿ ಬಿಡಿಸಿಕೊಳ್ಳಿ’ ಅನ್ನುತ್ತಾರೆ. ಈ ಮಧ್ಯೆ ಲೈಸೆನ್ಸ್ ಅವಧಿಯೂ ಮುಗಿದಿದೆ. ಎಲ್ಲಿಂದ ಶುರು ಮಾಡಲಿ?
— ಕೃಷಿಕರು, ಹುಣಸೂರು ತಾಲ್ಲೂಕು

ಅಂದೇ ದೂರು ಕೊಟ್ಟಿದ್ದೀರಲ್ಲ, ಅರ್ಧ ಗೆದ್ದಿರಿ. ಕಳುವಾದ ಕೂಡಲೇ ಹತ್ತಿರದ ಠಾಣೆಗೆ ತಿಳಿಸುವುದು ಪರವಾನಗಿಯ ಷರತ್ತು. ತಡ ಮಾಡಿದವರನ್ನು ‘ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ’ ಎಂಬ ಪ್ರಶ್ನೆ ಕೊನೆಯವರೆಗೂ ಬಿಡುವುದಿಲ್ಲ.

ಮೊದಲು ತಿಳಿಯಬೇಕಾದ್ದು ಬಂದೂಕು ಯಾವ ಪುಸ್ತಕದಲ್ಲಿ ಬರೆದುಕೊಂಡಿದೆ ಎಂಬುದು. ಹುಣಸೂರಿನ ಕಳವು ಪ್ರಕರಣದ ಕ್ರೈಂ ನಂಬರಿನಡಿ ವಶಪಡಿಸಿಕೊಂಡರೇ, ಅಥವಾ ಸಿಕ್ಕಿದ ಆಸಾಮಿಯ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಂ ಪ್ರಕಾರ ಹೊಸ ಪ್ರಕರಣ ಹೂಡಿ ಅದರಡಿ ವಶಪಡಿಸಿಕೊಂಡರೇ? ಎರಡನೆಯದಾದರೆ ಬಂದೂಕೇ ಆ ಪ್ರಕರಣದ ಮುಖ್ಯ ಸಾಕ್ಷ್ಯ, ಅದರ ಮೇಲಿನ ಅಧಿಕಾರ ಆ ಠಾಣೆಗೆ ಸೇರಿದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ್ದು. ಹುಣಸೂರಿನ ಕೋರ್ಟಲ್ಲಿ ಅರ್ಜಿ ಹಾಕಿ ಆರು ತಿಂಗಳು ಅಲೆದ ಮೇಲೆ ‘ನಮ್ಮಲ್ಲಿ ಮಾಲೇ ಇಲ್ಲ’ ಎಂದು ಕೇಳಿಸಿಕೊಳ್ಳುವುದು ಬೇಡ. ಕ್ರೈಂ ನಂಬರು, ಪಿ.ಎಫ್. (ವಶಪಡಿಸಿಕೊಂಡ ಸ್ವತ್ತಿನ ಪಟ್ಟಿ) ನಂಬರು, ವಶಪಡಿಸಿಕೊಂಡ ಮಹಜರಿನ ದಿನಾಂಕ, ಈ ಮೂರನ್ನು ಠಾಣೆಯಲ್ಲಿ ಕೇಳಿ ಬರೆದುಕೊಳ್ಳಿ. ನಂತರ ನ್ಯಾಯಾಲಯದಿಂದ ಮಹಜರಿನ ನಕಲು ತೆಗೆಸಿ.

ನಕಲು ಕೈಗೆ ಬಂದ ದಿನವೇ ಬಂದೂಕಿನ ನಂಬರನ್ನು ಲೈಸೆನ್ಸ್ ಪುಸ್ತಕದ ಜೊತೆ, ಖರೀದಿ ಬಿಲ್ಲಿನ ಜೊತೆ ಅಕ್ಷರ ಅಕ್ಷರ ಹೋಲಿಸಿ. ಹೆಚ್ಚು ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಮಹಜರು ಬರೆಯುವವರು ನಳಿಗೆಯ ಮೇಲೆ ಕಣ್ಣಿಗೆ ಬಿದ್ದ ಅಂಕಿಯನ್ನು ಬರೆದುಬಿಡುತ್ತಾರೆ. ಎಷ್ಟೋ ಸಲ ಅದು ತಯಾರಿಕೆಯ ವರ್ಷವೋ ಪರೀಕ್ಷಾ ಮುದ್ರೆಯ ಅಂಕಿಯೋ ಆಗಿರುತ್ತದೆ. ನಂಬರಿನ ಮುಂದಿನ ಅಕ್ಷರ ಬಿಟ್ಟುಹೋಗುವುದು, ಸವೆದ 8 ನೋಡಲು 3ರ ಹಾಗೆ ಕಾಣುವುದು, ಇವೂ ಉಂಟು. ಜೋಡಿ ನಳಿಗೆಯ ಬಂದೂಕಿನಲ್ಲಿ ನಂಬರು ಸಾಮಾನ್ಯವಾಗಿ ಒಂದೇ ಕಡೆ ಇರುವುದಿಲ್ಲ. ಮುಂಗೈ ಹಿಡಿಯುವ ಮರದ ತುಂಡನ್ನು ಬಿಚ್ಚಿದರೆ ನಳಿಗೆಯ ತಳದ ಚಪ್ಪಟೆ ಭಾಗದಲ್ಲೂ, ಅದು ಕೂರುವ ಉಕ್ಕಿನ ಮೈಯಲ್ಲೂ, ಆ ಮರದೊಳಗಿನ ಕಬ್ಬಿಣದ ಮೇಲೂ ಅದೇ ಸಂಖ್ಯೆ ಒತ್ತಿರುತ್ತಾರೆ. ಮಹಜರಿನಲ್ಲಿ ತಪ್ಪಿದ್ದರೆ ಬಂದೂಕನ್ನು ಬಿಚ್ಚಿ ಈ ಜಾಗಗಳ ಫೋಟೊ ತೆಗೆಸುವಂತೆ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ.

ಕಳ್ಳರು ನಂಬರನ್ನು ಅರದಿಂದ ಉಜ್ಜಿದ್ದರೆ ಗಾಬರಿ ಬೇಡ. ಅಂಕಿ ಒತ್ತುವಾಗ ಅದರಡಿಯ ಲೋಹವೂ ಅದುಮಿಕೊಂಡಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಮೇಲ್ಮೈಯನ್ನು ನುಣುಪು ಮಾಡಿ ಆಮ್ಲದ ದ್ರಾವಣ ಸವರಿದರೆ ಅದುಮಿದ ಜಾಗ ಬೇರೆಯಾಗಿ ಕೊರೆದುಕೊಂಡು ಅಂಕಿಯ ನೆರಳು ಮೂಡುತ್ತದೆ. ತೀರಾ ಆಳಕ್ಕೆ ಉಜ್ಜಿದ್ದರೆ ಮಾತ್ರ ಕಷ್ಟ. ನಳಿಗೆ ಕತ್ತರಿಸಿದ್ದರೆ ಮಾತು ಬೇರೆ. ಪರವಾನಗಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದೇ ಕಾಯ್ದೆಯ 6ನೇ ಕಲಮಿನಡಿ ಅಪರಾಧ, ಗಿಡ್ಡವಾದ ಕೋವಿ ನಿಮ್ಮ ಪುಸ್ತಕದಲ್ಲಿರುವ ಕೋವಿಯಾಗಿ ಉಳಿಯುವುದಿಲ್ಲ. ಹಾಗಾಗಿದ್ದರೆ ಅದರ ಆಸೆ ಬಿಟ್ಟು, ಪುಸ್ತಕದಿಂದ ತೆಗೆಸಿ, ಬೇರೆಯದಕ್ಕೆ ಅನುಮತಿ ಕೇಳುವುದೇ ಮೇಲು. ಹೇಳಲು ನಮಗೂ ಬೇಸರ.

ಇನ್ನು ಲೈಸೆನ್ಸ್. ಇದನ್ನು ಕೋರ್ಟಿನ ಅರ್ಜಿಗಿಂತ ಮೊದಲು ಹಿಡಿಯಿರಿ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ, ಒಬ್ಬರ ಹೆಸರಲ್ಲಿ ಹೆಚ್ಚೆಂದರೆ 2 ಕೋವಿ. ಅವಧಿ ಮುಗಿಯುವ 60 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕಿತ್ತು. ‘ಬಂದೂಕೇ ಇಲ್ಲ, ನವೀಕರಣ ಯಾಕೆ’ ಎಂದು ಸುಮ್ಮನಾಗುವವರೇ ಜಾಸ್ತಿ, ನೀವೂ ಹಾಗೇ ಮಾಡಿದಂತಿದೆ. ಈಗ ಜಿಲ್ಲಾಧಿಕಾರಿ ಕಚೇರಿಗೆ ನವೀಕರಣದ ಅರ್ಜಿಯ ಜೊತೆ ಕಳವಿನ ಎಫ್‌ಐಆರ್ ಪ್ರತಿ, ತಡವಾದದ್ದಕ್ಕೆ ಕಾರಣ ಹೇಳುವ ಪ್ರಮಾಣಪತ್ರ, ‘ಈ ನಂಬರಿನ ಬಂದೂಕು ಇಂಥ ಕ್ರೈಂ ನಂಬರಿನಲ್ಲಿ ನಮ್ಮ ವಶದಲ್ಲಿದೆ’ ಎಂದು ಠಾಣಾಧಿಕಾರಿ ಕೊಟ್ಟ ಪತ್ರ, ಈ ಮೂರನ್ನೂ ಲಗತ್ತಿಸಿ. ನವೀಕರಣಕ್ಕೆ ಬಂದೂಕು ಹಾಜರುಪಡಿಸಿ ಎಂದು ಕೇಳಿದಾಗ ಉತ್ತರ ಕೊಡುವುದು ಈ ಪತ್ರವೇ. ಕಳುವಾದಾಗ ಕಚೇರಿಯವರು ಬಂದೂಕನ್ನು ಪುಸ್ತಕದಿಂದ ಹೊಡೆದುಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ಮತ್ತೆ ನಮೂದು ಮಾಡಿಸಬೇಕು. ಅದರ ಬದಲಿಗೆ ಹೊಸದು ಕೊಂಡು ಈಗಾಗಲೇ ಎರಡಾಗಿದ್ದರೆ, ಒಂದನ್ನು ಮಾರದ ಹೊರತು ಹಳೆಯದು ಬರುವುದಿಲ್ಲ.

ಕೋರ್ಟಿನ ಅರ್ಜಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೇ ಕಲಂ ಪ್ರಕಾರ. ನಿಮ್ಮದು 2024ರ ಜುಲೈ 1ಕ್ಕೆ ಮೊದಲಿನ ಕಳವಾದ್ದರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 451 ಮತ್ತು 457ನ್ನೂ ಜೊತೆಗೆ ಬರೆಸಿ. ಬಂದೂಕಿನ ಜಾತಿ, ಬೋರ್, ತಯಾರಕರು, ನಂಬರು, ನಳಿಗೆಯ ಉದ್ದ ಎಲ್ಲ ಬರಲಿ. ಸರ್ಕಾರಿ ವಕೀಲರ ತಕರಾರು ಸಾಮಾನ್ಯವಾಗಿ ಎರಡೇ: ಪ್ರಯೋಗಾಲಯದ ವರದಿ ಬಂದಿಲ್ಲ, ವಿಚಾರಣೆಯಲ್ಲಿ ಗುರುತಿಸಲು ಬಂದೂಕು ಬೇಕು. ಮೊದಲನೆಯದು ನ್ಯಾಯವಾದ ತಕರಾರು, ವರದಿಗೆ ಕಾಯಲೇಬೇಕು. ಎರಡನೆಯದಕ್ಕೆ ಉತ್ತರ 497ರಲ್ಲೇ ಇದೆ. ಮಾಲು ಹಾಜರಾದ 14 ದಿನದೊಳಗೆ ನ್ಯಾಯಾಲಯ ಅದರ ವಿವರಪಟ್ಟಿ ಮಾಡಿಸಿ ಫೋಟೊ ತೆಗೆಸಬೇಕು, ಆ ಫೋಟೊವೇ ಸಾಕ್ಷ್ಯವಾಗುತ್ತದೆ, ಪಟ್ಟಿಯಾದ 30 ದಿನದೊಳಗೆ ವಿಲೇವಾರಿಯ ಆದೇಶ ಆಗಬೇಕು. ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ, ಜಪ್ತಿಯಾದ ಸ್ವತ್ತು ಠಾಣೆಯಲ್ಲಿ ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಕೊಳೆಯಬಾರದು ಎಂದಿತ್ತು. ಅದನ್ನು ವಕೀಲರು ಉಲ್ಲೇಖಿಸಲಿ.

ಆದೇಶವಾದರೆ ಬಾಂಡು, ಜಾಮೀನುದಾರರು, ‘ಮಾರುವುದಿಲ್ಲ, ರೂಪ ಬದಲಿಸುವುದಿಲ್ಲ, ಕರೆದಾಗ ಹಾಜರುಪಡಿಸುತ್ತೇನೆ’ ಎಂಬ ಮುಚ್ಚಳಿಕೆ ಇರುತ್ತವೆ. ಜಾಮೀನಿಗೆ ಬರುವವರ ಪಹಣಿ, ಆಧಾರ್ ಮೊದಲೇ ಸಿದ್ಧವಿರಲಿ. ಪಹಣಿಯಲ್ಲಿ ಸಾಲದ ಹೊರೆ ತುಂಬಿದ್ದರೆ ನ್ಯಾಯಾಲಯ ಒಪ್ಪದಿರಬಹುದು. ಅಷ್ಟರಲ್ಲಿ ನವೀಕರಣ ಆಗದಿದ್ದರೆ, ಬಂದೂಕನ್ನು ಠಾಣೆಯ ಬದಲು ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ವಶಕ್ಕೆ ಕೊಡಿ ಎಂದು ನ್ಯಾಯಾಲಯವನ್ನು ಕೇಳಬಹುದು. ಬಾಡಿಗೆ ತೆರಬೇಕಾದೀತು, ಆದರೆ ಅಲ್ಲಿ ಎಣ್ಣೆ ಸವರುವ ಕೈ ಇರುತ್ತದೆ.

ಪ್ರಶ್ನೆ: 2024ರ ಲೋಕಸಭೆ ಚುನಾವಣೆಗೆ ಮೊದಲು ಠಾಣೆಗೆ ಒಂಟಿ ನಳಿಗೆ ಬಂದೂಕು ಒಪ್ಪಿಸಿದ್ದೆ. ಆಮೇಲೆ ಕಾಯಿಲೆ ಬಿದ್ದು ತರಲಾಗಲಿಲ್ಲ. ಡಿಸೆಂಬರಿನಲ್ಲಿ ಲೈಸೆನ್ಸ್ ಮುಗಿಯಿತು. ಈಗ ಕೊಡುವುದಿಲ್ಲ ಅನ್ನುತ್ತಾರೆ. ಕೋರ್ಟಿಗೆ ಹೋಗಬೇಕೆ?
— ಮಳವಳ್ಳಿ

ಬೇಡ. ಇದು ಜಪ್ತಿಯಲ್ಲ, ಠೇವಣಿ. ಜೂನ್ 4ಕ್ಕೆ ಫಲಿತಾಂಶ ಬಂತು. ಫಲಿತಾಂಶವಾಗಿ ಒಂದು ವಾರದ ಮೇಲೆ ಕೋವಿ ಮರಳಿಸಬೇಕೆಂದು ಚುನಾವಣಾ ಆಯೋಗದ ಸೂಚನೆಯೇ ಇದೆ. ಆಗ ಹೋಗಿದ್ದರೆ ರಸೀದಿ ತೋರಿಸಿ ತರಬಹುದಿತ್ತು. ಈಗ ಠಾಣೆಯವರು ಕೊಡದಿರುವುದು ಕಿರುಕುಳವಲ್ಲ. ಪರವಾನಗಿ ಇಲ್ಲದವರ ಕೈಗೆ ಬಂದೂಕು ಕೊಟ್ಟರೆ ತಪ್ಪು ಅವರ ಮೇಲೆ ಬರುತ್ತದೆ. ಜಗಳಕ್ಕೆ ನಿಲ್ಲಬೇಡಿ. ಠೇವಣಿಯ ರಸೀದಿ, ಆಸ್ಪತ್ರೆಯ ಕಾಗದ ಲಗತ್ತಿಸಿ ಮಂಡ್ಯದ ಜಿಲ್ಲಾಧಿಕಾರಿ ಕಚೇರಿಗೆ ನವೀಕರಣದ ಅರ್ಜಿ ಹಾಕಿ. ನವೀಕರಣವಾದ ಪುಸ್ತಕ ತೋರಿಸಿದರೆ ಕೋವಿ ಬರುತ್ತದೆ. ರಸೀದಿ ಕಳೆದಿದ್ದರೆ ಠಾಣೆಯ ಠೇವಣಿ ರಿಜಿಸ್ಟರಿನ ಆ ಪುಟದ ದೃಢೀಕೃತ ಪ್ರತಿ ಕೇಳಿ.

ಒಂದು ಎಚ್ಚರ. ಕಾಯ್ದೆಯ 21ನೇ ಕಲಂ ಪ್ರಕಾರ, ಠೇವಣಿ ಇಟ್ಟದ್ದನ್ನು ಗೊತ್ತುಪಡಿಸಿದ ಅವಧಿಯಲ್ಲಿ ಬಿಡಿಸಿಕೊಳ್ಳದಿದ್ದರೆ ಜಿಲ್ಲಾ ದಂಡಾಧಿಕಾರಿ ಅದನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದಕ್ಕೆ ಮೊದಲು ನಿಮಗೆ ನೋಟಿಸ್ ಬರಲೇಬೇಕು, ಉತ್ತರಕ್ಕೆ 30 ದಿನ ಇರುತ್ತದೆ. ಆ ನೋಟಿಸ್ ಹಳೇ ವಿಳಾಸಕ್ಕೆ ಹೋಗಿ ಕೂರದಂತೆ ನೋಡಿಕೊಳ್ಳಿ. ನವೀಕರಣ ನಿರಾಕರಿಸಿದರೆ 18ನೇ ಕಲಮಿನಡಿ ಮೇಲ್ಮನವಿ ಉಂಟು, ಅದಕ್ಕೂ 30 ದಿನವೇ.

ಪ್ರಶ್ನೆ: ಕಾಡಂಚಿನ ಜಮೀನಿನಲ್ಲಿ ಹಂದಿ ಕಾಯುತ್ತಿದ್ದಾಗ ಅರಣ್ಯದವರು ಬಂದು ಲೈಸೆನ್ಸ್ ಇದ್ದ ಕೋವಿಯನ್ನೇ ಹೊತ್ತೊಯ್ದರು. ಪೊಲೀಸರನ್ನು ಕೇಳಿದರೆ ನಮಗೆ ಗೊತ್ತಿಲ್ಲ ಅಂತಾರೆ.
— ಸರಗೂರು

ನಿಮ್ಮ ಕೋವಿ ಹೋಗಿರುವುದು ಬೇರೆ ಕಾಯ್ದೆಯ ಕೈಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 50ನೇ ಕಲಂ ಪ್ರಕಾರ ಜಪ್ತಿ ಮಾಡಿದ್ದರೆ ಅದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಿರಬೇಕು. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪ್ರಕರಣದ ಸಂಖ್ಯೆ ಕೇಳಿ ಪಡೆಯಿರಿ. ಅದೇ ಕಾಯ್ದೆಯ 39ನೇ ಕಲಂ, ಅಪರಾಧಕ್ಕೆ ಬಳಸಿದ ಆಯುಧ ಸರ್ಕಾರದ ಸ್ವತ್ತು ಎನ್ನುತ್ತದೆ. ಆದರೆ ‘ಬಳಸಿದ’ ಎಂಬುದು ಸಾಬೀತಾಗಬೇಕು, ಬರೀ ಅನುಮಾನ ಸಾಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಹೇಳಿದೆ. ಅದು ವಾಹನದ ವಿಷಯ. ಕೋವಿಯ ವಿಷಯದಲ್ಲಿ ನ್ಯಾಯಾಲಯಗಳು ಅಷ್ಟು ಸಡಿಲ ಬಿಡುವುದಿಲ್ಲ, ಆದರೂ ಮಧ್ಯಂತರ ಬಿಡುಗಡೆ ಕೇಳಲು ಅದೇ ಆಧಾರ.

ಎಲ್ಲಕ್ಕಿಂತ ಮುಖ್ಯ, ನೀವು ನಿಂತಿದ್ದ ಜಾಗ. ನಿಮ್ಮ ಸರ್ವೆ ನಂಬರಿನೊಳಗೆ ಇದ್ದಿರೋ, ಆನೆ ಕಂದಕ ದಾಟಿ ಅತ್ತ ಕಡೆ ಇದ್ದಿರೋ? ಅಭಯಾರಣ್ಯಕ್ಕಾಗಲಿ ರಾಷ್ಟ್ರೀಯ ಉದ್ಯಾನಕ್ಕಾಗಲಿ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಕಾಲಿಟ್ಟರೇ ಅಪರಾಧ. ಮಹಜರಿನಲ್ಲಿ ಬರೆದ ಜಾಗವನ್ನು ಪಹಣಿ, ನಕ್ಷೆಯ ಜೊತೆ ತಾಳೆ ನೋಡಿ. ಗಡಿಯ ತಕರಾರಿದ್ದರೆ ಸರ್ವೆಯವರಿಂದ ಅಳತೆ ಮಾಡಿಸಿ. ಇನ್ನೊಂದು: ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ವಾಸವಿರುವ ಪರವಾನಗಿದಾರರು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ಹೆಸರು ನೋಂದಾಯಿಸಬೇಕೆಂದು 34ನೇ ಕಲಂ ಹೇಳುತ್ತದೆ, ಅದು ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯ. ನಾಗರಹೊಳೆ, ಬಂಡೀಪುರದ ಅಂಚಿನವರಷ್ಟೇ ಅಲ್ಲ, ಮೇಲುಕೋಟೆ, ರಂಗನತಿಟ್ಟು, ಅರಬಿತಿಟ್ಟಿನ ಸುತ್ತಿನವರೂ ಇದನ್ನು ಗಮನಿಸಬೇಕು. ಶಿಕ್ಷೆಯಾದರೆ ನ್ಯಾಯಾಲಯ ಕೋವಿಯ ಪರವಾನಗಿ ರದ್ದುಮಾಡಿ 5 ವರ್ಷ ಹೊಸದು ಸಿಗದಂತೆ ಆದೇಶಿಸಬಹುದು. ಹಾಗಾಗಿ ಕೋವಿ ಬಿಡಿಸುವ ಆತುರದಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಬೇಡಿ.

ಪ್ರಶ್ನೆ: ದಾಯಾದಿ ಜಗಳದಲ್ಲಿ ಬಂದೂಕು ತೋರಿಸಿ ಹೆದರಿಸಿದೆನೆಂದು ಕೇಸಾಗಿತ್ತು. ಖುಲಾಸೆಯಾಗಿದೆ. ಬಂದೂಕು ಮಾತ್ರ ಬಂದಿಲ್ಲ.
— ತಿ. ನರಸೀಪುರ

ತೀರ್ಪಿನ ಕೊನೆಯ ಪುಟ ತೆಗೆದು ನೋಡಿ. ಮುದ್ದೆಮಾಲಿನ, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ಸ್ವತ್ತಿನ ಬಗ್ಗೆ ಅಲ್ಲೊಂದು ಸಾಲು ಇರುತ್ತದೆ. ‘ಮೇಲ್ಮನವಿ ಅವಧಿಯ ನಂತರ ಆರೋಪಿಗೆ ಹಿಂದಿರುಗಿಸಿ’ ಎಂದಿದ್ದರೆ ಆ ಅವಧಿ ಮುಗಿಯುವವರೆಗೆ ಕಾದು, ಮೇಲ್ಮನವಿ ಆಗಿಲ್ಲವೆಂದು ಖಾತ್ರಿಪಡಿಸಿಕೊಂಡು, ತೀರ್ಪಿನ ದೃಢೀಕೃತ ಪ್ರತಿಯೊಂದಿಗೆ ಅರ್ಜಿ ಕೊಡಿ. ಆ ಸಾಲೇ ಇಲ್ಲದಿದ್ದರೆ ಅದೇ ನ್ಯಾಯಾಲಯದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 498ನೇ ಕಲಮಿನಡಿ, ಪ್ರಕರಣ ಹಳೆಯದಾದರೆ ದಂಡ ಪ್ರಕ್ರಿಯಾ ಸಂಹಿತೆಯ 452ರಡಿ, ಆದೇಶ ಕೇಳಬೇಕು.

ಖುಲಾಸೆಯಾದ ಮಾತ್ರಕ್ಕೆ ಅಮಾನತಾದ ಲೈಸೆನ್ಸ್ ತಾನಾಗಿ ಜೀವ ಪಡೆಯುವುದಿಲ್ಲ. ಅಮಾನತು ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಂ ಪ್ರಕಾರ ಪರವಾನಗಿ ಪ್ರಾಧಿಕಾರ ಮಾಡಿದ ಬೇರೆ ಆದೇಶ, ಅದನ್ನು ತೆರವು ಮಾಡಿಸಲು ಬೇರೆ ಅರ್ಜಿ. ಸಾಕ್ಷಿಗಳು ತಿರುಗಿಬಿದ್ದು ಸಂಶಯದ ಲಾಭದಲ್ಲಿ ಬಿಡುಗಡೆಯಾಗಿದ್ದರೆ ಪ್ರಾಧಿಕಾರ ಊರಿನ ಶಾಂತಿ ನೋಡಿ ಇನ್ನೂ ಹಿಂಜರಿಯಬಹುದು. ದಾಯಾದಿಗಳ ಜೊತೆ ರಾಜಿಯಾಗಿದ್ದರೆ ಅದರ ಪತ್ರ ಲಗತ್ತಿಸಿ. ಸಮಾಧಾನದ ಸಂಗತಿ ಏನೆಂದರೆ, ಅಮಾನತಿನ ಅವಧಿಯ ನೆಪದಲ್ಲಿ ಠೇವಣಿ ಬಂದೂಕನ್ನು ಮುಟ್ಟುಗೋಲು ಹಾಕುವಂತಿಲ್ಲ.

ಪ್ರಶ್ನೆ: ಅಟ್ಟದ ಮೇಲಿದ್ದ ಮುತ್ತಜ್ಜನ ಕಾಲದ ತುಕ್ಕು ಹಿಡಿದ ನಾಡಬಂದೂಕನ್ನು ಲೈಸೆನ್ಸ್ ಇಲ್ಲವೆಂದು ಪೊಲೀಸರು ಒಯ್ದಿದ್ದಾರೆ. ಮನೆತನದ ನೆನಪು ಅದು.
— ಕೆ.ಆರ್. ಪೇಟೆ

ಹಳೆಯದು ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ರಿಪೇರಿ ಮಾಡಿದರೂ, ಮಾಡದಿದ್ದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಅದನ್ನು ಕಾಯ್ದೆಯ ಹೊರಗಿಡುತ್ತದೆ. ಅದನ್ನು ಹೇಳಬೇಕಾದವರು ಪ್ರಯೋಗಾಲಯದ ತಜ್ಞರು. ನಳಿಗೆ ತೂತು ಬಿದ್ದಿದೆಯೇ, ಕಿವಿಯ (ಮದ್ದಿಗೆ ಬೆಂಕಿ ಮುಟ್ಟಿಸುವ ತೂತಿನ) ಭಾಗ ಕೊಳೆತುಹೋಗಿದೆಯೇ, ಕುದುರೆಯೇ (ಬಡಿಯುವ ಸುತ್ತಿಗೆ) ಇಲ್ಲವೇ ಎಂಬುದು ಮಹಜರಿನಲ್ಲಿ ಬಂದಿರಲಿ, ವರದಿಯಲ್ಲಿ ‘ದುರಸ್ತಿಗೂ ಮೀರಿದ್ದೇ’ ಎಂಬ ಪ್ರಶ್ನೆಗೆ ನೇರ ಉತ್ತರ ಕೇಳುವಂತೆ ತನಿಖಾಧಿಕಾರಿಗೆ ಬರೆದುಕೊಡಿ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡ 3ನೇ ಕಲಮಿನ ಅಪರಾಧಕ್ಕೆ ಮೊಕದ್ದಮೆ ಹೂಡಲು ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಬೇಕು; ಆ ಹಂತದಲ್ಲೇ ಈ ವರದಿ ನಿಮ್ಮ ಕೈ ಹಿಡಿದೀತು.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ ರಿವಾಲ್ವರನ್ನು ಠಾಣೆಗೆ ಒಪ್ಪಿಸಿದೆವು. ನನಗೆ ಬೇಡ, ಬೆಂಗಳೂರಿನ ತಮ್ಮನಿಗೆ ಬೇಕಂತೆ.
— ಸರಸ್ವತಿಪುರಂ, ಮೈಸೂರು

ಒಪ್ಪಿಸಿದ್ದು ಸರಿಯಾದ ಕೆಲಸ ತಾಯಿ. ತಮ್ಮನವರು ತಾವು ವಾಸವಿರುವ ಬೆಂಗಳೂರಿನ ಪ್ರಾಧಿಕಾರಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಡಿ ವಾರಸುದಾರರಾಗಿ ಅರ್ಜಿ ಹಾಕಲಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ನಿಮ್ಮ ಮತ್ತು ಉಳಿದ ವಾರಸುದಾರರ ನಿರಾಕ್ಷೇಪಣಾ ಪತ್ರ, ಠೇವಣಿ ರಸೀದಿ ಬೇಕು. ಅಪ್ಪನವರ ಮೂಲ ಲೈಸೆನ್ಸ್ ಪುಸ್ತಕವನ್ನು ಮೈಸೂರಿನ ಪೊಲೀಸ್ ಆಯುಕ್ತರ ಕಚೇರಿಗೆ ಒಪ್ಪಿಸುವ ಮೊದಲು ಎಲ್ಲ ಪುಟಗಳ ಪ್ರತಿ ಇಟ್ಟುಕೊಳ್ಳಿ. ಅವರಿಗೆ ಸಿಗದಿದ್ದರೆ, ಠೇವಣಿಯಲ್ಲಿರುವಾಗಲೇ ಪರವಾನಗಿ ಇರುವವರಿಗೆ ಅಥವಾ ವ್ಯಾಪಾರಿಗೆ ಮಾರುವ ಹಕ್ಕು ವಾರಸುದಾರರಿಗಿದೆ.

ಪ್ರಶ್ನೆ: ಎರಡು ವರ್ಷದ ಮೇಲೆ ಬಂದೂಕು ಕೈಗೆ ಬರಲಿದೆ. ತರುವಾಗ ಏನು ನೋಡಬೇಕು?
— ನಂಜನಗೂಡು

ಸಹಿ ಹಾಕುವ ಮೊದಲು ನೋಡಬೇಕು. ಬಂದೂಕು ತೆರೆದು ತೋಟಾ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಳ್ಳಿ. ಬಾಯಿಯಿಂದ ಮದ್ದು ತುಂಬುವ ನಾಡಬಂದೂಕಾದರೆ ಇನ್ನೂ ಜಾಗ್ರತೆ, ಜಪ್ತಿಯಾದಾಗ ತುಂಬಿದ್ದು ಹಾಗೇ ಉಳಿದಿರಬಹುದು. ನಳಿಗೆಯ ಬಾಯಿ ಯಾರ ಕಡೆಗೂ ಇರದಂತೆ ಹಿಡಿದು, ಗಜದ ಕಡ್ಡಿಯನ್ನು (ಮದ್ದು ಜಡಿಯುವ ಸಲಾಕೆ) ತಳ ಮುಟ್ಟುವವರೆಗೆ ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಮಾಡಿ. ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಹಿಡಿದು ಅಳೆದು ನೋಡಿ. ಗುರುತು ಬಾಯಿಗೆ ಬಂದಾಗ ಕಡ್ಡಿಯ ತುದಿ ಕಿವಿಯ ಹತ್ತಿರಕ್ಕೆ ಬರದೆ ಎರಡು ಮೂರು ಬೆರಳು ಮೇಲೆಯೇ ನಿಂತರೆ ಒಳಗೆ ಮದ್ದಿದೆ. ಕೆದಕಬೇಡಿ, ಜಿಲ್ಲಾ ಸಶಸ್ತ್ರ ಪಡೆಯ ಆರ್ಮರರ್ (ಬಂದೂಕು ನೋಡಿಕೊಳ್ಳುವ ಸಿಬ್ಬಂದಿ) ಬರಲಿ ಎಂದು ಕೇಳಿ.

ಜೋಡಿ ನಳಿಗೆಯದನ್ನು ಬಿಚ್ಚಿ, ಬೆಳಕಿಗೆ ಬಿಳಿ ಕಾಗದ ಹಿಡಿದು ಹಿಂದಿನಿಂದ ಒಳಗೆ ನೋಡಿ. ಒಳಮೈ ಕನ್ನಡಿಯಂತೆ ಹೊಳೆಯಬೇಕು. ಕಪ್ಪು ಉಂಗುರದಂತೆ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ, ನೆರಳು ಒಂದೇ ಬದಿಗೆ ಬಿದ್ದರೆ ಹೊರಗಿನಿಂದ ಗುದ್ದು ಬಿದ್ದಿದೆ. ಬೆಳಕೇ ಬಾರದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟಿದೆ ಎಂದೇ ತಿಳಿಯಿರಿ. ಗೋಡೆಗೆ ಒರಗಿಸಿಟ್ಟ ನಳಿಗೆ ಅದಕ್ಕೆ ಸಿದ್ಧವಾದ ಮನೆ. ಆ ಅಡ್ಡಿಯ ಮೇಲೆ ಗುಂಡು ಹಾರಿಸಿದರೆ ನಳಿಗೆ ಸೀಳಿ ಎಡಗೈ ಹೋಗುತ್ತದೆ. ಹಿಡಿಯ ಮರ ಉಕ್ಕನ್ನು ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬರೆಸಿ. ಕಂಡ ದೋಷಗಳನ್ನೆಲ್ಲ, ತೋಟಾಗಳ ಎಣಿಕೆಯನ್ನೂ ಸೇರಿಸಿ, ಸ್ವೀಕೃತಿಯಲ್ಲೇ ನಿಮ್ಮ ಕೈಬರಹದಲ್ಲಿ ನಮೂದಿಸಿ ಆಮೇಲೆ ಸಹಿ ಮಾಡಿ. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಹಾರಿಸಿದ ತೋಟಾ ಮರಳುವುದಿಲ್ಲ, ಅದನ್ನು ಕಳೆದೇ ಲೆಕ್ಕ ಬರೆಯಿರಿ.

ಮನೆಗೆ ತಂದ ಮೇಲೆ ತುಕ್ಕಿಗೆ ಮರಳು ಕಾಗದ ಹಚ್ಚಬೇಡಿ, ನೀಲಿ ಲೇಪ ಎದ್ದುಬಂದು ಮುಂದಿನ ಮಳೆಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ಕಂಚಿನ ಬ್ರಷ್ಷಿನಿಂದ ಒಳಮೈ ಉಜ್ಜಿ, ಒಣ ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಿ. ಆಮೇಲೆ ಹೊಲಿಗೆ ಯಂತ್ರದ ತೆಳು ಎಣ್ಣೆ. ತೆಂಗಿನೆಣ್ಣೆ ಖಂಡಿತ ಬೇಡ, ಚಳಿಗೆ ಹೆಪ್ಪುಗಟ್ಟಿ ಕುದುರೆಯ ಚಲನೆಯನ್ನೇ ಹಿಡಿದುಬಿಡುತ್ತದೆ. ಹಸಿರುಗಟ್ಟಿದ, ಉಬ್ಬಿದ ತೋಟಾಗಳನ್ನು ವ್ಯಾಪಾರಿಗೆ ಒಪ್ಪಿಸಿ, ಬಾವಿಗೋ ಒಲೆಗೋ ಹಾಕಬೇಡಿ. ರಿಪೇರಿಗೆ ನೀವೇ ಹೋಗಲಾಗದೆ ಮಗನ ಕೈಲಿ ಕಳಿಸುವುದಾದರೆ ನಿಮ್ಮ ಸಹಿಯ ಅಧಿಕಾರಪತ್ರ, ಲೈಸೆನ್ಸ್ ಎರಡೂ ಅವರ ಜೇಬಿನಲ್ಲಿರಲಿ. ಅದಿಲ್ಲದೆ ದಾರಿಯಲ್ಲಿ ತಪಾಸಣೆಗೆ ಸಿಕ್ಕಿದರೆ ಬಂದೂಕು ಬಂದ ದಾರಿಯಲ್ಲೇ ಮತ್ತೆ ಠಾಣೆಗೆ ಹೋಗುತ್ತದೆ.